ಸ್ತೋತ್ರಕ್ಕೆ ಏಳು ಕೀಲಿ

ವಿಜಯಪುರದಿಂದ ಹುಬ್ಬಳ್ಳಿಯತ್ತ ಹೊರಟವರು ಕೊಲ್ಹಾರದ ಬಳಿ ಕೃಷ್ಣೆ ದಾಟಿ ಬೀಳಗಿ ಸೀಮೆಗೆ ಬಂದರೆ, ಮುಂದೆ ಘಟಪ್ರಭೆಯ ದಂಡೆಗೆ ಅನಗವಾಡಿ ಸಿಗುತ್ತದೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳನ್ನೂ ಸೇರಿಸಿಕೊಂಡರೆ ಇದು ಬಾಯಿಪಾಠದ ಹಾಡಿನ ನಾಡು. ಭಜನೆ, ತತ್ವಪದ, ಕೃಷ್ಣ ಪಾರಿಜಾತದ ಪದಗಳು ಇಲ್ಲಿ ಕಿವಿಯಿಂದ ಬಾಯಿಗೆ ದಾಟುತ್ತ ಉಳಿದು ಬಂದಿವೆ. ಇದೇ ಸೀಮೆಯಲ್ಲಿ, ಬಾಗಲಕೋಟೆ ದಾಟಿ ಗುಳೇದಗುಡ್ಡಕ್ಕೆ ಹೋದರೆ ಹಾಡಿಗೆ ಇನ್ನೊಂದು ರೂಢಿಯೂ ಉಂಟು. ಚರ್ಚಿನಲ್ಲಿ ಸಭೆಯವರೆಲ್ಲ ಹಾಡಿನ ಪುಸ್ತಕದ ಒಂದೇ ಪುಟ ತೆರೆದು, ಒಂದೇ ಸಾಲನ್ನು ಒಟ್ಟಿಗೆ ಹಾಡುವ ರೂಢಿ ಅದು. ಖಣಕ್ಕೆ ಹೆಸರಾದ ಆ ನೇಕಾರರ ಊರಿಗೆ ಬಾಸೆಲ್ ಮಿಷನ್ 1851ರಲ್ಲಿ ಬಂದು ನೆಲೆಯೂರಿತು.

ಆ ಪುಸ್ತಕ ಈಗ ಎಷ್ಟೋ ಚರ್ಚುಗಳಲ್ಲಿ ಗೋಡೆಯ ಪರದೆಗೆ ಏರಿದೆ. ಹಾಗೆ ಏರಿಸಲು ಬಿಡಿಗಾಸೂ ಕೇಳದ ತಂತ್ರಾಂಶಗಳಿವೆ. ಈ ಲೇಖನ ಅಂಥ ಒಂದರ ಪರಿಚಯ. ಹೆಸರು ಓಪನ್‌ಎಲ್‌ಪಿ.

ಹಿಂದಿನ ಕಥೆ ಚಿಕ್ಕದಾಗಿ ಹೇಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಬಾಸೆಲ್ಲಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹುಟ್ಟಿತು. ಎರಡು ವರ್ಷದಲ್ಲಿ ಅದೇ ಅಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿತ್ತು. ನಿಘಂಟಿನಿಂದ ನಮಗೆ ಪರಿಚಿತರಾದ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ದೇಸಿ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ ಅಚ್ಚು ಹಾಕಿಸಿದರು. ಜರ್ಮನ್ ಮಟ್ಟಿಗೆ ಕೂಡಿಸಿದ ಕೀರ್ತನೆಗಳೂ ನಮ್ಮ ರಾಗ-ತಾಳದ ಪದಗಳೂ ಒಂದೇ ಹೊತ್ತಿಗೆಯಲ್ಲಿ ಅಕ್ಕಪಕ್ಕ ಕೂತದ್ದು ಹೀಗೆ.

ಪುಸ್ತಕದ ನಂತರ ಬಂದದ್ದು ಪಾರದರ್ಶಕ ಹಾಳೆಯ ಮೇಲೆ ಕೈಯಲ್ಲಿ ಬರೆದು ಬೆಳಕು ಹಾಯಿಸುವ ಓವರ್‌ಹೆಡ್ ಪ್ರೊಜೆಕ್ಟರ್. ಆಮೇಲೆ ಪವರ್‌ಪಾಯಿಂಟ್. ಅದರ ತೊಂದರೆ ಏನೆಂಬುದು ಹಾರ್ಮೋನಿಯಂ ಮುಂದೆ ಕೂತವರಿಗೆ ಗೊತ್ತು. ಸ್ಲೈಡುಗಳು ಜೋಡಿಸಿಟ್ಟ ಕ್ರಮದಲ್ಲೇ ಸಾಗುತ್ತವೆ, ಹಾಡು ಹಾಗೆ ಸಾಗುವುದಿಲ್ಲ. ಮೂರನೆಯ ಚರಣ ಮುಗಿಯುತ್ತಲೇ ಹಿರಿಯರೊಬ್ಬರು “ಪಲ್ಲವಿ ಇನ್ನೊಮ್ಮಿ ಹಾಡೂಣ್ರಿ” ಅಂದರೆ, ಲ್ಯಾಪ್‌ಟಾಪ್ ಮುಂದಿನ ಹುಡುಗ ಎಂಟು ಸ್ಲೈಡು ಹಿಂದಕ್ಕೆ ಓಡಬೇಕು. ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಭೆ ಪಲ್ಲವಿ ಮುಗಿಸಿರುತ್ತದೆ.

ಓಪನ್‌ಎಲ್‌ಪಿ 2004ರಲ್ಲಿ ಶುರುವಾಯಿತು. ಮೊದಮೊದಲು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ರೌಲ್ ಸ್ನೈಮನ್ ಮುಂದಾಳತ್ವದಲ್ಲಿ ಸ್ವಯಂಸೇವಕರು ಅದನ್ನು ಪೈಥಾನ್ ಭಾಷೆಯಲ್ಲಿ ಬುಡದಿಂದ ಬರೆದರು. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜಿಪಿಎಲ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಒಳಗಿನ ಸಂಕೇತವನ್ನು ತೆರೆದು ತಿದ್ದಬಹುದು. ಇದೇ ಕೆಲಸಕ್ಕೆ ಓಪನ್‌ಸಾಂಗ್, ಕ್ವೀಲಿಯಾ, ಫ್ರೀಶೋ ಎಂಬ ಮುಕ್ತ ತಂತ್ರಾಂಶಗಳೂ ಇವೆ. ಪ್ರೊಪ್ರೆಸೆಂಟರ್, ಈಸಿವರ್ಶಿಪ್ ಎಂಬ ದುಡ್ಡಿನ ತಂತ್ರಾಂಶಗಳೂ ಉಂಟು. ಅವುಗಳ ಚಂದಾ ಕಟ್ಟುವುದು ಪಟ್ಟಣದ ದೊಡ್ಡ ಸಭೆಗೆ ಭಾರವಾಗಲಿಕ್ಕಿಲ್ಲ. ಕಾಣಿಕೆ ಪೆಟ್ಟಿಗೆಯಲ್ಲಿ ಹತ್ತು-ಇಪ್ಪತ್ತರ ನೋಟು ಬೀಳುವ ಹಳ್ಳಿಯ ಸಭೆಗೆ ಅದು ಆಗದ ಮಾತು.

ಇಷ್ಟೆಲ್ಲ ಸರಿ, ಕನ್ನಡ ಕಾಣುತ್ತದೆಯೇ? ನಿಜವಾದ ಕಥೆ ಇರುವುದು ಇಲ್ಲಿ.

‘ಸ್ತೋತ್ರ’ ಎಂಬ ಪದ ತೆಗೆದುಕೊಳ್ಳಿ. ಚರ್ಚಿನಲ್ಲಿ ಇದರಷ್ಟು ಸಲ ಬಾಯಿಗೆ ಬರುವ ಮಾತು ಕಡಿಮೆ. ಕಣ್ಣಿಗೆ ಕಾಣುವುದು ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತಗಳ ಸಾಲು: ಸಕಾರ, ಹಲಂತದ ಚಿಹ್ನೆ, ತಕಾರ, ಓಕಾರದ ಚಿಹ್ನೆ, ಮತ್ತೆ ತಕಾರ, ಹಲಂತ, ರಕಾರ. ಈ ಏಳನ್ನು ಓದಿ, ತಕಾರವನ್ನು ಒತ್ತಾಗಿ ಕೆಳಗಿಳಿಸಿ, ಓಕಾರದ ಕೊಂಬನ್ನೂ ದೀರ್ಘವನ್ನೂ ಜಾಗಕ್ಕೆ ಕೂರಿಸಿ, ಎರಡು ಅಕ್ಷರವಾಗಿ ಕೊಡುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ ಕೆಲಸ. ಓಪನ್‌ಎಲ್‌ಪಿ ಈ ಕೆಲಸವನ್ನು ತಾನೇ ಮಾಡುವುದಿಲ್ಲ. ತಾನು ನಿಂತಿರುವ ಕ್ಯೂಟಿ ಎಂಬ ಬುನಾದಿಗೆ ಒಪ್ಪಿಸುತ್ತದೆ. ಹಾಗಾಗಿ ಕನ್ನಡಕ್ಕೆಂದೇ ಬೇರೆ ಏನೂ ಮಾಡದಿದ್ದರೂ ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ.

ಈ ಏಳನ್ನು ಬೆರಳಿಗೆ ಒಗ್ಗಿಸಿಕೊಟ್ಟವರು ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯಿತು. ಆ ವಿನ್ಯಾಸದಲ್ಲಿ ಎಫ್ ಕೀಲಿ ಒತ್ತಕ್ಷರದ ಕೊಂಡಿ. ‘ಸ್ತೋತ್ರ’ ಬರೆಯಲು ಎಸ್, ಎಫ್, ಟಿ, ಕ್ಯಾಪಿಟಲ್ ಓ, ಟಿ, ಎಫ್, ಆರ್ ಒತ್ತಿದರೆ ಮುಗಿಯಿತು. ಏಳು ಕೀಲಿ, ಏಳು ಸಂಕೇತ. ಯೂನಿಕೋಡ್ ನಮ್ಮ ಬಳಕೆಗೆ ಬರುವ ಮೊದಲೇ ಹೊಳೆದ ಈ ವಿನ್ಯಾಸ, ಕನ್ನಡ ಅಕ್ಷರ ಹುಟ್ಟುವ ಕ್ರಮವನ್ನೇ ಹಿಡಿದಿತ್ತು. ಕನ್ನಡ ಟೈಪ್ ಮಾಡುವ ಪ್ರತಿಯೊಬ್ಬರೂ ನೆನೆಯಬೇಕಾದ ಹೆಸರು ಇದು.

ತೊಡಕು ಹಳೆಯ ಫೈಲುಗಳದು. ಯೂನಿಕೋಡ್ ಚಾಲ್ತಿಗೆ ಬರುವ ಮುನ್ನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಹಾಡಿನ ಪುಸ್ತಕ ಅಚ್ಚು ಹಾಕಲು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಫೈಲು ಸಾಮಾನ್ಯವಾಗಿ ಇಂಥದ್ದೇ. ಅದನ್ನು ನಕಲು ಮಾಡಿ ಓಪನ್‌ಎಲ್‌ಪಿಗೆ ಅಂಟಿಸಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಆ ಎ, ಜರ್ಮನ್ನರ ಎಸ್‌ಝೆಟ್, ಕ್ಯೂ, ಮತ್ತೊಮ್ಮೆ ಅದೇ ಎ ಸಾಲಾಗಿ ನಿಲ್ಲುತ್ತವೆ.

ಇಂಥ ಫೈಲುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅಂಥದ್ದೊಂದನ್ನು ಮುಕ್ತವಾಗಿಯೇ ಬರೆದು ಕೊಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಹಿಂದೆಯೂ ಅವರ ದುಡಿಮೆಯಿದೆ. ಆದರೆ ಎಲ್ಲ ಪರಿವರ್ತಕಗಳೂ ಒಂದೇ ಗುಣದವಲ್ಲ, ಅದರಲ್ಲೂ ಅರ್ಕಾವೊತ್ತಿನ ಮೇಲೆ ಕಣ್ಣಿಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು. ಇದನ್ನು ಅರಿಯದ ಪರಿವರ್ತಕ ‘ಕರ್ತ’ನನ್ನು ‘ಕತರ್’ ಮಾಡುತ್ತದೆ. ಕರ್ತನೆಂಬ ಹೆಸರಿಲ್ಲದ ಕ್ರೈಸ್ತ ಹಾಡಿನ ಪುಟ ಸಿಗುವುದು ಕಷ್ಟ. ಆದ್ದರಿಂದ ಪರಿವರ್ತಿಸಿದ ಮೇಲೆ ಹಾಡು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲು ಓದಲೇಬೇಕು. ಈ ಕೆಲಸಕ್ಕೆ ಅಡ್ಡದಾರಿಯಿಲ್ಲ.

ಇನ್ನು ಬಳಕೆ. ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿ ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದರೆ ನಡೆಸುವವರಿಗೆ ಒಂದು ನೋಟ, ಸಭೆಗೆ ಇನ್ನೊಂದು. ಹಾಡನ್ನು ಒಮ್ಮೆ ಸೇರಿಸಿದರೆ ಸಾಕು, ಪಲ್ಲವಿಯನ್ನು ಒಂದೇ ಸಲ ಬರೆದು ಹಾಡುವ ಕ್ರಮವನ್ನು ಬೇರೆಯಾಗಿ ಕೊಡಬಹುದು. ನಮ್ಮ ಹಾಡು ಪಲ್ಲವಿಯಿಂದಲೇ ಹೊರಡುವುದರಿಂದ ಸಿ1, ವಿ1, ಸಿ1, ವಿ2, ಸಿ1 ಎಂದು ಬರೆದುಕೊಳ್ಳಬೇಕು. ಸಿ ಎಂದರೆ ಪಲ್ಲವಿ, ವಿ ಎಂದರೆ ಚರಣ. ಅನುಪಲ್ಲವಿಗೆಂದು ಬೇರೆ ಹೆಸರಿಲ್ಲ, ಪಾಶ್ಚಾತ್ಯ ಹಾಡಿನ ‘ಪ್ರಿ-ಕೋರಸ್’ ಜಾಗದಲ್ಲಿ ಅದನ್ನು ಕೂರಿಸಬಹುದು. ಹಿರಿಯರು ಪಲ್ಲವಿ ಇನ್ನೊಮ್ಮೆ ಎಂದಾಗ ಸಿ ಒತ್ತಿದರೆ ಪರದೆಗೆ ಪಲ್ಲವಿ ಬಂದು ನಿಲ್ಲುತ್ತದೆ. “ಇಷ್ಟನೇ ನಂಬರಿನ ಸಂಗೀತ” ಎಂದು ಪ್ರಕಟಿಸುವ ರೂಢಿಯಿದ್ದಲ್ಲಿ, ಹಾಡಿಗೆ ಪುಸ್ತಕದ ಹೆಸರನ್ನೂ ನಂಬರನ್ನೂ ಬರೆದಿಟ್ಟರೆ ಅದರಿಂದಲೇ ಹುಡುಕಬಹುದು. ಒಂದೇ ವೈ-ಫೈನಲ್ಲಿರುವ ಫೋನಿನಿಂದ ಸ್ಲೈಡು ಸರಿಸಬಹುದು. ಹಾಡುವವರ ಎದುರಿಗೆ ಇನ್ನೊಂದು ಪರದೆ ಇಟ್ಟು, ಮುಂದೆ ಬರುವ ಸಾಲನ್ನೂ ಅವರಿಗೆ ತೋರಿಸಬಹುದು.

ಥೀಮ್ ಮಾಡುವಾಗ ಸಾಲುಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಚಾಳೀಸು ಹಾಕಿದ ಅಜ್ಜಿ ಕೊನೆಯ ಬೆಂಚಿನಿಂದ ಓದಬೇಕಾದರೆ ಒಂದು ಪರದೆಗೆ ನಾಲ್ಕು ಸಾಲು ಸಾಕು.

ಪರದೆ ಬಂದದ್ದರಿಂದ ಪುಸ್ತಕ ಮೂಲೆ ಸೇರಿತೆಂದು ನೊಂದುಕೊಳ್ಳುವವರಿದ್ದಾರೆ, ಅದು ಬರಿದೇ ಹಳಹಳಿಕೆಯಲ್ಲ. ಪುಸ್ತಕ ಮನೆಗೆ ಬರುತ್ತಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ರಾಗ ಗುರುತು ಹಾಕಿಕೊಳ್ಳುವಷ್ಟು ಅದು ನಮ್ಮದಾಗಿತ್ತು. ಗೋಡೆಯ ಮೇಲೆ ಬಂದು ಹೋಗುವ ಸಾಲಿಗೆ ಅಂಚಿಲ್ಲ. ಇಷ್ಟಾದರೂ ಪುಸ್ತಕ ಸಿಗದವರಿಗೆ, ಸಣ್ಣಕ್ಷರ ಕಾಣದವರಿಗೆ, ಮೊದಲ ಸಲ ಸಭೆಗೆ ಬಂದವರಿಗೆ ಪರದೆ ಹಾಡನ್ನು ಕೈಗೆಟುಕಿಸಿದೆ. ಎರಡೂ ಇರಲಿ.

ಆಗಬೇಕಾದ ಕೆಲಸ ಬೇರೆಯೇ ಇದೆ. ತಂತ್ರಾಂಶ ಪುಕ್ಕಟೆ ಸಿಕ್ಕರೂ ಹಾಡುಗಳು ಅದರೊಳಗೆ ತಾವಾಗಿ ಬಂದು ಕೂರುವುದಿಲ್ಲ. ಒಂದು ಊರಿನ ಯುವಕರು ನಾಲ್ಕು ವಾರ ಕೂತು ಟೈಪ್ ಮಾಡಿದ ಹಾಡನ್ನೇ ಪಕ್ಕದ ಊರಿನವರು ಮತ್ತೆ ಮೊದಲಿನಿಂದ ಟೈಪ್ ಮಾಡುವುದು ಶ್ರಮದ ಪೋಲು. ಇದನ್ನು ತಪ್ಪಿಸಲೆಂದೇ ಓಪನ್‌ಲಿರಿಕ್ಸ್ ಎಂಬ ಮುಕ್ತ ಮಾದರಿಯಿದೆ. ಹಾಡನ್ನು ಆ ಮಾದರಿಯಲ್ಲಿ ಹೊರತೆಗೆದು ಪೆನ್‌ಡ್ರೈವಿನಲ್ಲಿ ಕೊಟ್ಟರೆ ಇನ್ನೊಂದು ಸಭೆ ಹಾಗೆಯೇ ಒಳಗೆ ತೆಗೆದುಕೊಳ್ಳಬಹುದು. ನಮ್ಮ ಕಾನೂನಿನಲ್ಲಿ ಕರ್ತೃ ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರ ಸ್ವತ್ತು. ಕಿಟೆಲ್ ತೀರಿಕೊಂಡದ್ದು 1903ರಲ್ಲಿ. ಆ ತಲೆಮಾರಿನವರ ಹಾಡುಗಳನ್ನು ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಇಂದಿನವರ ಹಾಡಿಗೆ ಅವರ ಒಪ್ಪಿಗೆ ಕೇಳಬೇಕು. ಕನ್ನಡದ ವಚನಗಳನ್ನು ಯೂನಿಕೋಡಿಗೆ ತಂದು ಎಲ್ಲರಿಗೂ ತೆರೆದಿಟ್ಟ ‘ವಚನ ಸಂಚಯ’ದ ಮಾದರಿ ಕಣ್ಣಮುಂದೆಯೇ ಇದೆ. ಕ್ರೈಸ್ತ ಕೀರ್ತನೆಗಳಿಗೂ ಅಂಥದ್ದೊಂದು ಆಗಬೇಕು, ಧಾರವಾಡದಲ್ಲೋ ಗುಳೇದಗುಡ್ಡದಲ್ಲೋ ಯಾರಾದರೂ ಕೈ ಹಾಕಬೇಕು.

ಚರ್ಚಿಗೆಂದು ಹುಟ್ಟಿದ ಮಾತ್ರಕ್ಕೆ ಈ ತಂತ್ರಾಂಶ ಚರ್ಚಿಗೇ ಮೀಸಲಲ್ಲ. ಅನಗವಾಡಿಯ ಸುತ್ತಿನ ಯಾವ ಭಜನಾ ಮಂಡಳಿ ಬೇಕಾದರೂ ತನ್ನ ತತ್ವಪದಗಳನ್ನು ಇದರಲ್ಲಿ ತುಂಬಿಟ್ಟುಕೊಳ್ಳಬಹುದು, ಶಾಲೆಗಳು ನಾಡಗೀತೆಯನ್ನು ತೋರಿಸಬಹುದು. ಬಾಯಿಪಾಠದಲ್ಲಿ ಮಾತ್ರ ಉಳಿದಿರುವ ಪದಗಳಿದ್ದರೆ, ಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಿ. ತಂತ್ರಾಂಶ ಓಪನ್‌ಎಲ್‌ಪಿ ಡಾಟ್ ಆರ್ಗ್ ತಾಣದಲ್ಲಿ ಸಿಗುತ್ತದೆ, ಶುಲ್ಕವಿಲ್ಲ.