ನಾನು ಕಟ್ಟಿದ ನೀರು-ತಂಪಿನ ಗಣಕಯಂತ್ರ

ಇತಿಹಾಸವನ್ನೂ ಕನ್ನಡವನ್ನೂ ಓದುವ ಕಲಾ ವಿದ್ಯಾರ್ಥಿಗೆ ಗಣಕಯಂತ್ರದ ಗೊಡವೆ ಏಕೆಂದು ವಾಚಕ ಮಿತ್ರರು ಕೇಳಬಹುದು. ಉತ್ತರ ಸರಳವಾದುದು. ಕಾಲೇಜಿನ ಶುಲ್ಕಕ್ಕೂ ಬಸ್ಸಿನ ಪಾಸಿಗೂ ಬೇಕಾದ ಹಣವನ್ನು ನಾನು ಮದುವೆಯ ವಿಡಿಯೋಗಳನ್ನು ಎಡಿಟಿಂಗ್ ಮಾಡಿ ಸಂಪಾದಿಸುತ್ತೇನೆ. ಸಿರುಗುಪ್ಪದ ಸ್ಟುಡಿಯೋದವರು ಚಿತ್ರೀಕರಿಸಿದುದನ್ನು ಹಚ್ಚೊಳ್ಳಿಯ ನಮ್ಮ ಮನೆಯಲ್ಲಿ ಕುಳಿತು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಹಿಂದಿರುಗಿಸುವುದು ನನ್ನ ಕೆಲಸ. ಹಳೆಯ ಯಂತ್ರದಲ್ಲಿ ಒಂದು ಮದುವೆ ರೆಂಡರ್ ಆಗಲು ಇಡೀ ರಾತ್ರಿ ಬೇಕಾಗುತ್ತಿತ್ತು. ನಡುವೆ ಕರೆಂಟು ಹೋಯಿತೆಂದರೆ ಆ ಮದುವೆ ಮತ್ತೆ ಮೊದಲಿನಿಂದ! ಆದಕಾರಣ ೨೦೨೪ರ ಕೊನೆಯಲ್ಲಿ ವೇಗವಾದ ಯಂತ್ರವೊಂದನ್ನು ನಾನೇ ಕಟ್ಟಲು ಹೊರಟೆನು. ನನ್ನ ಉಳಿತಾಯ ಸಾಲದೆ ಹೋದಾಗ ಅಪ್ಪ ನೆಲ್ಲು ಮಾರಿದ ಹಣದಲ್ಲಿ ೧೫,೦೦೦ ರೂಪಾಯಿ ಕೊಟ್ಟರು. “ನಾಟಿಗೆ ಮುಂಚೆ ತಿರುಗಿ ಕೊಡ್ಬೇಕು ನೋಡಪ್ಪ” ಎಂಬುದೊಂದೇ ಷರತ್ತು.

ಹೊಸ ಭಾಗಗಳ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡ್ ಎಂದು ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆಯಲ್ಲಿ ಒಂದು ಹಗಲೆಲ್ಲ ಅಲೆದೆನು. ಅಲ್ಲಿ ಹಳೆಯ ಸಾಮಾನು ಕೊಳ್ಳುವವನು ಮೂರು ಸಂಗತಿಗಳನ್ನು ತಿಳಿದಿರಬೇಕು. ನಾನು ಆರಿಸಿದ್ದು ೨೦೧೮ರಲ್ಲಿ ಬಂದ ಇಂಟೆಲ್ ಕೋರ್ ಐ-೫ ೯೬೦೦ಕೆ ಎಂಬ ಪ್ರೊಸೆಸರು. ಕೊನೆಯ ‘ಕೆ’ ಅಕ್ಷರವೇ ಮುಖ್ಯ. ಅದಿದ್ದರೆ ಮಾತ್ರ ವೇಗವನ್ನು ನಾವೇ ಏರಿಸಲು ಬರುತ್ತದೆ. ಎರಡನೆಯದಾಗಿ, ಅದು ಕೂರುವ ಮದರ್‌ಬೋರ್ಡು ‘ಝಡ್’ ಜಾತಿಯ ಚಿಪ್‌ಸೆಟ್ಟಿನದಾಗಿರಬೇಕು. ೧೧೫೧ ಎಂಬ ಹೆಸರಿನ ಸಾಕೆಟ್ಟು ಹಳೆಯ ೧೦೦, ೨೦೦ ಸಾಲಿನ ಬೋರ್ಡುಗಳಲ್ಲಿಯೂ ಉಂಟು; ಪ್ರೊಸೆಸರು ಅದರಲ್ಲಿ ಕೂರುತ್ತದೆ, ಆದರೆ ನಡೆಯುವುದಿಲ್ಲ. ಹೆಸರು ನೋಡಿ ಮೋಸಹೋಗುವವರೇ ಹೆಚ್ಚು. ಮೂರನೆಯದು, ಆ ಸಾಕೆಟ್ಟಿನೊಳಗಿನ ಕೂದಲಿನಂಥ ಪಿನ್ನುಗಳು. ಒಂದು ಬಾಗಿದ್ದರೂ ಬೋರ್ಡು ಕೆಲಸಕ್ಕೆ ಬಾರದೆ ಹೋಗಬಹುದು. ನಾನು ಅಜ್ಜನ ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆನು. ಅಂಗಡಿಯವರು ನಕ್ಕರು, ನಕ್ಕರೇನಂತೆ, ಮೊದಲು ತೋರಿಸಿದ ಎರಡು ಬೋರ್ಡುಗಳನ್ನು ಒಳಗಿಟ್ಟು ಮೂರನೆಯದನ್ನು ತಂದರು. ಅದನ್ನು ಅಲ್ಲಿಯೇ ಚಾಲೂ ಮಾಡಿಸಿ ನೋಡಿ ಹಣ ಕೊಟ್ಟೆನು. ವಿದ್ಯುತ್ತು ಒದಗಿಸುವ ಎಸ್.ಎಂ.ಪಿ.ಎಸ್. ಒಂದನ್ನು ಮಾತ್ರ ಹೊಸದಾಗಿ ಕೊಂಡೆನು. ಅದರಲ್ಲಿ ಜಿಪುಣತನ ಮಾಡಿದರೆ ಅದು ಕೆಡುವಾಗ ಉಳಿದೆಲ್ಲವನ್ನೂ ಜೊತೆಗೆ ಕರೆದೊಯ್ಯುತ್ತದೆ.

ಇನ್ನು ವೇಗವನ್ನು ಏರಿಸುವುದೆಂದರೇನು? ಬೋರ್ಡಿನಲ್ಲಿ ಸೆಕೆಂಡಿಗೆ ಹತ್ತು ಕೋಟಿ ಸಲ ಮಿಡಿಯುವ ಒಂದು ತಾಳವಿದೆ. ಪ್ರೊಸೆಸರು ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಂಡು ಓಡುತ್ತದೆ. ಆರು ಕೋರುಗಳೂ ದುಡಿಯುವಾಗ ತಯಾರಕರು ಇಟ್ಟ ಗುಣಕ ೪೩, ಎಂದರೆ ೪.೩ ಗಿಗಾಹರ್ಟ್ಸ್. ನಾನು ಅದನ್ನು ೪೮ಕ್ಕೆ ಏರಿಸಿದೆನು. ಅಷ್ಟು ವೇಗದಲ್ಲಿ ಎಡವದಿರಲು ವೋಲ್ಟೇಜನ್ನೂ ೧.೨೦ರಿಂದ ೧.೩೦ಕ್ಕೆ ಏರಿಸಬೇಕಾಯಿತು. ತೊಡಕು ಇರುವುದು ಇಲ್ಲಿಯೇ. ಉಷ್ಣವು ವೇಗದಷ್ಟೇ ಏರಿ ಸುಮ್ಮನಾಗುವುದಿಲ್ಲ. ವೋಲ್ಟೇಜಿನ ವರ್ಗದಷ್ಟು ಮತ್ತೆ ಏರುತ್ತದೆ. ಲೆಕ್ಕ ಹಾಕಿದರೆ ವೇಗದ ಲಾಭ ನೂರಕ್ಕೆ ೧೨, ಉಷ್ಣದ ಏರಿಕೆ ನೂರಕ್ಕೆ ೩೧. ಈ ಉಷ್ಣವನ್ನು ಸಾಗಿಸುವುದಕ್ಕಾಗಿಯೇ ನೀರು.

ನಾನು ಸಾಮಾನು ಬಿಚ್ಚುತ್ತಿದ್ದಾಗ ಅವ್ವ ಕೇಳಿದ್ದಳು: “ಗಡಿಗಿ ನೀರಿನಂಗ ತಣ್ಣಗ ಇರ್ತದೇನೋ?” ಹೌದೆಂದು ಹೇಳಿಬಿಟ್ಟೆ. ಅದು ತಪ್ಪು ಉತ್ತರವೆಂದು ತಿಳಿಯಲು ನನಗೆ ಐದು ತಿಂಗಳು ಬೇಕಾದವು.

ಪ್ರೊಸೆಸರಿನ ತಲೆಯ ಮೇಲೆ ತಾಮ್ರದ ಒಂದು ಅಚ್ಚು. ಅದರೊಳಗೆ ನೀರು ಹರಿಯಲು ಸಣ್ಣ ಸಣ್ಣ ಸೀಳುಗಳು. ಪಂಪು ನೀರನ್ನು ಅಲ್ಲಿಂದ ರೇಡಿಯೇಟರಿಗೆ ನೂಕುತ್ತದೆ. ಅಲ್ಲಿ ಎರಡು ಫ್ಯಾನುಗಳು ಗಾಳಿ ಬೀಸಿ ಉಷ್ಣವನ್ನು ಹೊರಗೆ ಚೆಲ್ಲುತ್ತವೆ. ನೀರು ಮರಳಿ ಬರುತ್ತದೆ. ಟ್ರ್ಯಾಕ್ಟರಿನ ಮುಂಭಾಗವನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪ್ರೊಸೆಸರು ೧೫೦ ವ್ಯಾಟ್ ಉಷ್ಣ ಬಿಡುತ್ತಿದೆ, ನಿಮಿಷಕ್ಕೆ ಒಂದು ಲೀಟರು ನೀರು ಹರಿಯುತ್ತಿದೆ ಎಂದುಕೊಳ್ಳಿ. ಒಂದು ಸುತ್ತಿನಲ್ಲಿ ಆ ನೀರು ಬಿಸಿಯಾಗುವುದು ಬರೇ ಎರಡು ಡಿಗ್ರಿ. ನೀರು ಅಷ್ಟು ಒಳ್ಳೆಯ ಹಮಾಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ ಮಹಾಗಣಕದ ಉಷ್ಣವನ್ನು ಹೊರುವುದೂ ದ್ರವವೇ.

ಮೊದಲ ಪೆಟ್ಟು ಜನವರಿಯಲ್ಲಿ ಬಿದ್ದಿತು. ಹಣ ಉಳಿಸಲೆಂದು ಅಂಚೆಯಲ್ಲಿ ಅಲ್ಯೂಮಿನಿಯಮ್ಮಿನ ಅಗ್ಗದ ರೇಡಿಯೇಟರು ತರಿಸಿದ್ದೆನು. ಮೂರು ವಾರದಲ್ಲಿ ಕೊಳವೆಯ ನೀರು ಗಂಜಿಯಂತಾಯಿತು. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರೇ ಕಲಬೆರಕೆಯೆಂದು ಶಂಕಿಸಿ, ಸೀಸೆಯಲ್ಲಿ ತುಂಬಿಕೊಂಡು ಹೋಗಿ ನಮ್ಮೂರ ಟ್ರ್ಯಾಕ್ಟರ್ ಮೆಕ್ಯಾನಿಕ್ ಕಾಕಾಗೆ ತೋರಿಸಿದೆ. ಅವರು ನೀರನ್ನು ನೋಡಲೇ ಇಲ್ಲ.

“ಅಚ್ಚು ಯಾತರದ್ದು?”

“ತಾಮ್ರದ್ದು, ಕಾಕಾ.”

“ರೇಡಿಯೇಟರು?”

ಹೇಳಿದೆ.

“ಅವೆರಡು ನೀರಾಗ ಕೂಡಂಗಿಲ್ಲ ತಮ್ಮಾ. ಒಂದು ಇನ್ನೊಂದನ್ನ ತಿಂತದ.”

ನಿಜವೇ. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ನಿಂತು ಲೋಹದಿಂದ ಲೋಹಕ್ಕೆ ಸಂಪರ್ಕವೂ ಇದ್ದರೆ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುತ್ತವೆ, ಸವೆಯುವುದು ಅಲ್ಯೂಮಿನಿಯಂ. ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಮತ್ತೆ ಹಣ ತೆತ್ತು, ಅಚ್ಚಿನ ಸೀಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆನು. ಈ ಸಲ ಬೋರ್ಡಿಗೆ ವಿದ್ಯುತ್ತು ಕೊಡದೆ ಪಂಪು ಮಾತ್ರ ಒಂದು ಹಗಲು ಒಂದು ರಾತ್ರಿ ಓಡಲು ಬಿಟ್ಟು, ಕೀಲುಗಳ ಕೆಳಗೆ ವೃತ್ತಪತ್ರಿಕೆ ಹಾಸಿ, ಒಂದು ಹನಿಯೂ ಬಿದ್ದಿಲ್ಲವೆಂದು ಖಾತ್ರಿಪಡಿಸಿಕೊಂಡೆನು. ಕಟ್ಟುವವರು ಈ ಒಂದು ದಿನವನ್ನು ಉಳಿಸಲು ಹೋಗಬಾರದು.

ಚಳಿಗಾಲದ ರಾತ್ರಿ ಕೋಣೆ ೨೪ ಡಿಗ್ರಿ ಇದ್ದಾಗ ಪ್ರೊಸೆಸರು ೭೦ ಡಿಗ್ರಿಯಲ್ಲಿ ನಿಂತಿತು. ಹಿಗ್ಗಿದೆನು. ಮೇ ತಿಂಗಳು ಬಂದಿತು, ಮದುವೆಗಳು ಬಂದವು. ಒಂದು ಮಧ್ಯಾಹ್ನ, ನಾಳೆ ಒಪ್ಪಿಸಬೇಕಾದ ಮದುವೆ ರೆಂಡರ್ ಆಗುತ್ತಿದ್ದಂತೆ ಯಂತ್ರವು ತಾನಾಗಿ ನಿಂತು ಮತ್ತೆ ಶುರುವಾಯಿತು. ಇನ್ನೊಮ್ಮೆ ಹಚ್ಚಿದೆ, ಇನ್ನೊಮ್ಮೆ ನಿಂತಿತು. ಕೋಣೆಯ ಉಷ್ಣತೆ ೪೧. ಆ ೨೪ಕ್ಕೂ ೭೦ಕ್ಕೂ ನಡುವಿನ ೪೬ನ್ನು ಇದಕ್ಕೆ ಕೂಡಿಸಿ: ೮೭. ಅದರ ಮೇಲೆ ಬೇಸಿಗೆ ಬೆಳೆಯ ಒಕ್ಕಲಿನ ಹೊಟ್ಟುಧೂಳು ರೇಡಿಯೇಟರಿನ ರೆಕ್ಕೆಗಳಿಗೆ ಕಂಬಳಿಯಂತೆ ಮೆತ್ತಿತ್ತು. ಈ ಪ್ರೊಸೆಸರಿನ ಮಿತಿ ೧೦೦ ಡಿಗ್ರಿ.

ಆಗ ಅವ್ವನ ಪ್ರಶ್ನೆ ನೆನಪಾಯಿತು. ಗಡಿಗೆಯ ನೀರು ತಣ್ಣಗಿರುವುದು ಅದರ ಮೈಯಿಂದ ಸ್ವಲ್ಪ ನೀರು ಆವಿಯಾಗಿ ಉಷ್ಣವನ್ನು ಒಯ್ಯುವುದರಿಂದ. ನನ್ನ ಕೊಳವೆಯ ನೀರು ಮುಚ್ಚಿದ ನೀರು, ಆವಿಯಾಗುವುದಿಲ್ಲ. ಆದ್ದರಿಂದ ಅದು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ನೀರು ಉಷ್ಣವನ್ನು ಹೊತ್ತು ತರುತ್ತದೆ, ಆದರೆ ಇಳಿಸಬೇಕಾದುದು ನಮ್ಮೂರ ಗಾಳಿಯಲ್ಲಿ. ತಂಪು ದೇಶದವರು ಬರೆದಿಟ್ಟ ಅಂಕಿಗಳನ್ನು ನಾನು ಹಚ್ಚೊಳ್ಳಿಯ ಮೇ ತಿಂಗಳಿಗೆ ನಕಲು ಮಾಡಿದ್ದೆನು.

ಗೆಳೆಯನೊಬ್ಬ ನೀರಿಗೆ ಐಸು ಹಾಕೆಂದನು. ಹಾಕಿದರೆ ತಂಪಾದ ಅಚ್ಚಿನ ಮೇಲೆ ಗಾಳಿಯ ತೇವವೇ ಇಬ್ಬನಿಯಾಗಿ ಕೂತು ಬೋರ್ಡಿಗೆ ಇಳಿಯುತ್ತದೆ. ಅದು ಬೇಡ. ರೆಕ್ಕೆಗಳ ಧೂಳನ್ನು ಊದಿ ತೆಗೆದು, ಗುಣಕವನ್ನು ೪೫ಕ್ಕೂ ವೋಲ್ಟೇಜನ್ನು ೧.೨೨ಕ್ಕೂ ಇಳಿಸಿದೆನು. ಉಷ್ಣ ನೂರಕ್ಕೆ ೧೭ರಷ್ಟು ತಗ್ಗಿತು. ಬೆಲೆ? ೬೦ ನಿಮಿಷದ ರೆಂಡರಿಗೆ ೬೪ ನಿಮಿಷ. ಆ ನಾಲ್ಕು ನಿಮಿಷಕ್ಕಾಗಿ ನಾನು ಒಂದು ಮದುವೆಯನ್ನು ಕಳೆದುಕೊಳ್ಳಲಿದ್ದೆ. ಆ ರಾತ್ರಿ ಯಂತ್ರ ನಿಲ್ಲದೆ ಓಡಿತು. ಬೆಳಗಿನ ಬಸ್ಸಿಗೆ ವಿಡಿಯೋ ಸಿರುಗುಪ್ಪಕ್ಕೆ ಹೋಯಿತು.

ಈಗ ನನ್ನ ಯಂತ್ರಕ್ಕೆ ಎರಡು ಲೆಕ್ಕಗಳಿವೆ: ನವೆಂಬರಿನಿಂದ ಫೆಬ್ರವರಿಯವರೆಗೆ ೪೮, ಉಳಿದಂತೆ ೪೫. ಸುಗ್ಗಿಯ ಕಾಲದಲ್ಲಿ ಪ್ರತಿ ಭಾನುವಾರ ಧೂಳು ಊದುತ್ತೇನೆ. ಅಪ್ಪನ ಹಣದಲ್ಲಿ ೧೩,೦೦೦ ರೂಪಾಯಿಯನ್ನು ನಾಟಿಗೆ ಮುಂಚೆ ತಿರುಗಿ ಕೊಟ್ಟೆನು. ಉಳಿದ ಎರಡು ಸಾವಿರ ಆ ಅಲ್ಯೂಮಿನಿಯಂ ರೇಡಿಯೇಟರಿನ ಲೆಕ್ಕ. ಅದನ್ನು ಅವರು ಇನ್ನೂ ಕೇಳಿಲ್ಲ, ನಾನೂ ಮಾತೆತ್ತಿಲ್ಲ.