ಸರ್ಪಗಂಧಿಯೂ ಬಿಳಿ ಇಲಿಯೂ

“ಬೇರುನಾರಿನ ಮದ್ದಿನಿಂದ ಗುಣವಾಗದಿದ್ದರೂ ಕೇಡಂತೂ ಇಲ್ಲ” ಎಂಬ ಮಾತನ್ನು ಕೇಳದವರಾರು? ನಮ್ಮ ಅಜ್ಜನವರೂ ಹಾಗೆಯೇ ನಂಬಿದ್ದರು. ರಕ್ತದ ಒತ್ತಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ಸರ್ಪಗಂಧಿಯ ಬೇರಿನ ಪುಡಿಯನ್ನು, ವೈದ್ಯರನ್ನು ಕೇಳದೆಯೇ, ಕೆಲವು ತಿಂಗಳು ಸೇವಿಸಿದರು. ಒತ್ತಡ ಇಳಿಯಿತು, ಅದರೊಡನೆ ಮಾತೂ ಇಳಿಯಿತು. ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. “ವಯಸ್ಸಾಯಿತಲ್ಲ” ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಕಡೆಗೆ ವೈದ್ಯರೊಬ್ಬರು ವಿಚಾರಿಸಿ, ಪುಡಿಯನ್ನು ನಿಲ್ಲಿಸಿ, ಬೇರೆ ಔಷಧ ಕೊಟ್ಟರು. ಕೆಲವು ವಾರಗಳಲ್ಲಿ ಅಜ್ಜನವರು ಮತ್ತೆ ದಿನಪತ್ರಿಕೆಯನ್ನು ಕೇಳತೊಡಗಿದರು. ಪುಡಿಯೇ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಮನಶ್ಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಒಂದು ಪ್ರಶ್ನೆ ಉಳಿಯಿತು: ಮದ್ದು ನಡವಳಿಕೆಯನ್ನು ಕೆಡಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ತಿಳಿಯುವುದೆಂತು?

ಸರ್ಪಗಂಧಿ ಸಾಮಾನ್ಯ ಮೂಲಿಕೆಯಲ್ಲ. ಅದು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿಯೇ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರ ಲೇಖನವು ಅದನ್ನು ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಅದರಿಂದ ರೆಸರ್ಪೀನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು.

ಇಂಥ ಸಾರವನ್ನು ಕೊಟ್ಟು, ಎಷ್ಟು ಇಲಿಗಳು ಸತ್ತವೆಂದು ಎಣಿಸಿದರೆ ವಿಷದ ಅಳತೆ ಮಾತ್ರ ಸಿಕ್ಕೀತು. ನಡವಳಿಕೆಗೆ ಬೇರೆಯೇ ಪರೀಕ್ಷೆ ಬೇಕು. ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಸಾರವನ್ನು ಕಲಸುವ ದ್ರವ ಮಾತ್ರ. ಉಳಿದವಕ್ಕೆ ಅಲ್ಪ, ಮಧ್ಯಮ, ಅಧಿಕ ಪ್ರಮಾಣದ ಸಾರ. ಯಾವ ಇಲಿಗೆ ಏನು ಕೊಟ್ಟಿದೆಯೆಂಬುದು ನೋಡುವವನಿಗೆ ತಿಳಿದಿರಬಾರದು. ತಿಳಿದರೆ ಕಣ್ಣು ತನಗೆ ಬೇಕಾದುದನ್ನೇ ಕಂಡೀತು.

1934ರಲ್ಲಿ ಕ್ಯಾಲ್ವಿನ್ ಹಾಲ್ ಎಂಬ ಮನಶ್ಶಾಸ್ತ್ರಜ್ಞನು ವಿವರಿಸಿದ ‘ತೆರೆದ ಅಂಗಳ’ದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಗೆರೆಯೆಳೆದ ನೆಲದ ಮೇಲೆ ಇಲಿಯನ್ನು ಬಿಟ್ಟು, ಎಷ್ಟು ಗೆರೆ ದಾಟಿತು, ಎಷ್ಟು ಸಲ ಹಿಂಗಾಲ ಮೇಲೆ ಎದ್ದು ನಿಂತಿತು ಎಂದು ಎಣಿಸುತ್ತಾರೆ. ಆದರೆ ಇಲಿ ಕದಲದಿದ್ದರೆ ಅದು ಭಯವೋ, ಮಂಪರೋ, ಕಾಲಿನ ನಿಶ್ಶಕ್ತಿಯೋ? ಅದಕ್ಕಾಗಿ ತಿರುಗುವ ಕೋಲಿನ ಮೇಲೆ ಅದನ್ನಿಟ್ಟು, ಬೀಳದೆ ಎಷ್ಟು ಹೊತ್ತು ನಿಂತೀತೆಂದು ನೋಡುತ್ತಾರೆ. ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡುವಂತಿಲ್ಲ.

ರೆಸರ್ಪೀನ್ ಪಡೆದ ಇಲಿಯ ರೆಪ್ಪೆಗಳು ಜೋಲುತ್ತವೆ, ಮೈ ತಣ್ಣಗಾಗುತ್ತದೆ, ಅದು ಮುದುಡಿ ಕೂರುತ್ತದೆ. ನರಗಳ ತುದಿಯಲ್ಲಿ ಶೇಖರವಾಗಿರುವ ಡೋಪಮೀನ್, ಸೆರೊಟೋನಿನ್ ಮೊದಲಾದ ದ್ರವ್ಯಗಳು ಬರಿದಾಗುವುದೇ ಇದಕ್ಕೆ ಕಾರಣ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು, ರೆಸರ್ಪೀನಿನಿಂದ ನಿಶ್ಚಲವಾದ ಮೊಲಗಳಿಗೆ, ದೇಹದಲ್ಲಿ ಡೋಪಮೀನ್ ಆಗಿ ಮಾರ್ಪಡುವ ಡೋಪಾ ಕೊಟ್ಟಾಗ ಅವು ಮತ್ತೆ ಚಲಿಸಿದುದನ್ನು ತೋರಿಸಿದರು. ಕಾರ್ಲ್‌ಸನ್ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆದರೆ ಇಲಿಯು “ನನಗೆ ಬೇಸರವಾಗಿದೆ” ಎಂದು ಹೇಳಲಾರದು. ರೆಸರ್ಪೀನ್ ಸೇವಿಸಿದ ಕೆಲವರಲ್ಲಿ ಖಿನ್ನತೆ ಕಂಡುಬಂದುದನ್ನು 1950ರ ದಶಕದಲ್ಲಿ ವೈದ್ಯರು ವರದಿ ಮಾಡಿದರು. ಆ ಸಂಬಂಧ ಎಷ್ಟು ಗಾಢವೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಇಲಿ ಎಚ್ಚರಿಕೆಯನ್ನು ಕೊಡಬಲ್ಲುದು. ಉಳಿದುದನ್ನು ರೋಗಿಯ ಬಾಯಿಂದಲೇ ಕೇಳಬೇಕು.

ಆದುದರಿಂದ, ಮಿತ್ರರೇ, ಮನೆಯ ಹಿರಿಯರು ಯಾವುದಾದರೂ ಮದ್ದನ್ನು ಸೇವಿಸುತ್ತಿದ್ದರೆ, ಅದು ಬೇರಾಗಲಿ ಮಾತ್ರೆಯಾಗಲಿ, ವೈದ್ಯರಿಗೆ ಮರೆಮಾಡದೆ ತಿಳಿಸಿ. ಅವರು ಮೌನವಾದರೆ ವಯಸ್ಸಿನ ಮೇಲೆ ಹೊರೆ ಹಾಕುವ ಮುನ್ನ ಒಮ್ಮೆ ವಿಚಾರಿಸಿ. ಪ್ರಯೋಗಶಾಲೆಯಲ್ಲಿ ಇಲಿಯನ್ನು ನೋಡುವಷ್ಟು ಗಮನವಿಟ್ಟು ನಾವು ಅಜ್ಜನವರನ್ನು ನೋಡಿರಲಿಲ್ಲ.