ಕಂಪ್ಯೂಟರಿನ ಅಪ್‌ಡೇಟ್: ಯಾವುದನ್ನು ಕೂಡಲೆ ಮಾಡಬೇಕು, ಯಾವುದನ್ನು ತಡೆದು ಮಾಡಬೇಕು



ದೇವರ ಹಿಪ್ಪರಗಿ ಸುತ್ತಿನ ಹಳ್ಳಿಗಳಲ್ಲಿಯೂ ಈಗ ಕೆಲವು ಮನೆಗಳಿಗೆ ಕಂಪ್ಯೂಟರು ಬಂದಿದೆ. ಮಕ್ಕಳ ಓದು, ಪಹಣಿ, ಬೆಳೆ ವಿಮೆಯ ಕಾಗದ, ಸಂಘದ ಜಮಾಖರ್ಚು ಎಲ್ಲವೂ ಅದರೊಳಗೆ ಸೇರಿವೆ. ಈ ಯಂತ್ರವು ಆಗಾಗ ಅಪ್‌ಡೇಟ್ ಮಾಡಬೇಕೆಂದು ಕೇಳುತ್ತದೆ. ಕೆಲವರು ಕೇಳಿದಾಗಲೆಲ್ಲ ಒಪ್ಪಿಬಿಡುತ್ತಾರೆ. ಕೆಲವರು ವರ್ಷಗಟ್ಟಲೆ ಮುಂದೂಡುತ್ತಾರೆ. ಎರಡೂ ಒಳ್ಳೆಯ ಪದ್ಧತಿಯಲ್ಲ. ಅಪ್‌ಡೇಟಿನಲ್ಲಿ ಎರಡು ಬಗೆಗಳುಂಟು. ಅವುಗಳ ಭೇದವನ್ನು ತಿಳಿದರೆ ನಿರ್ಧಾರ ಸುಲಭ.

ತೊಗರಿಯನ್ನೇ ನೋಡಿರಿ. ಹೂವಿನ ಕಾಲಕ್ಕೆ ಕಾಯಿಕೊರಕದ ಮರಿಹುಳು ಕಂಡರೆ ಔಷಧ ಹೊಡೆಯುವುದನ್ನು ಮುಂದೂಡಲಾಗದು. ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಔಷಧದ ಖರ್ಚು ವ್ಯರ್ಥ. ಆದರೆ ಹೊಸ ಬೀಜ ಬಂದಿತೆಂದು ಇದ್ದ ಹೊಲಕ್ಕೆಲ್ಲ ಅದನ್ನೇ ಯಾರೂ ಬಿತ್ತುವುದಿಲ್ಲ. ಒಂದು ತುಂಡು ಹೊಲದಲ್ಲಿ ಹಾಕಿ, ನೆರೆಯವರ ರಾಶಿಯನ್ನು ಕಂಡು, ಆಮೇಲೆ ಮನಸ್ಸು ಮಾಡುತ್ತೇವೆ. ಕಂಪ್ಯೂಟರಿನ ರಕ್ಷಣೆಯ ಅಪ್‌ಡೇಟು ಔಷಧವಿದ್ದಂತೆ. ಹೊಸ ಆವೃತ್ತಿಯು ಹೊಸ ಬೀಜವಿದ್ದಂತೆ.

ರಕ್ಷಣೆಯ ಅಪ್‌ಡೇಟ್

ವಿಂಡೋಸಿನ ರಕ್ಷಣೆಯ ಅಪ್‌ಡೇಟು ಅಮೆರಿಕದಲ್ಲಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ನಮಗೆ ಆಗ ಮಂಗಳವಾರ ರಾತ್ರಿ. ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಮುಚ್ಚುವುದೇ ಇದರ ಕೆಲಸ. ಕಿಂಡಿ ಎಲ್ಲಿತ್ತೆಂಬುದು ಆ ದಿನವೇ ಕಳ್ಳರಿಗೂ ತಿಳಿಯುವುದರಿಂದ, ತಡ ಮಾಡಿದಷ್ಟೂ ಅಪಾಯ ಹೆಚ್ಚು.

2017ರ ಮಾರ್ಚ್ 14ರಂದು ಇಂಥ ಒಂದು ಕಿಂಡಿಯನ್ನು ಮುಚ್ಚುವ ಅಪ್‌ಡೇಟು ಬಂದಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರುಗಳಿಗೆ ಅದೇ ಮೇ 12ರಂದು 'ವಾನಾಕ್ರೈ' ಎಂಬ ಪೀಡೆ ತಗುಲಿತು. ಅದು ಕಡತಗಳಿಗೆಲ್ಲ ಬೀಗ ಹಾಕಿ, ಬೀಗ ತೆಗೆಯಲು 300 ಡಾಲರು ಕೇಳಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳಿಗೂ ಅದು ತಗುಲಿತು. ಎರಡು ತಿಂಗಳ ಮೊದಲೇ ಸಿಕ್ಕ ಔಷಧವನ್ನು ಹೊಡೆಯದೆ ಇಟ್ಟುದರ ಫಲವಿದು. ಆದುದರಿಂದ ರಕ್ಷಣೆಯ ಅಪ್‌ಡೇಟನ್ನು ಒಂದು ವಾರದೊಳಗೆ ಮಾಡಿ ಮುಗಿಸಬೇಕು.

ಹೊಸ ಆವೃತ್ತಿ

ವಿಂಡೋಸ್ 11ರ ಹೊಸ ಆವೃತ್ತಿ ವರ್ಷಕ್ಕೊಮ್ಮೆ ಬರುತ್ತದೆ. 2023ರಲ್ಲಿ ಅಕ್ಟೋಬರ್ 31, 2024ರಲ್ಲಿ ಅಕ್ಟೋಬರ್ 1, 2025ರಲ್ಲಿ ಸೆಪ್ಟೆಂಬರ್ 30 ಅದು ಹೊರಬಿದ್ದ ದಿನಗಳು. ನಮಗೆ ಅದು ಹಿಂಗಾರಿ ಬಿತ್ತನೆಯ ಹೊತ್ತು, ಕಾಗದಪತ್ರದ ಕೆಲಸವೂ ಬಹಳ ಇರುವ ಕಾಲ. ಆಗ ಅವಸರ ಬೇಡ.

2018ರ ಅಕ್ಟೋಬರದಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿಯು ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಕಂಪನಿಯವರು ಅದನ್ನು ಹಿಂದಕ್ಕೆ ತೆಗೆದುಕೊಂಡು, ತಿದ್ದಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿದರು. ತಿಂಗಳೊಪ್ಪತ್ತು ತಾಳಿದವರಿಗೆ ಯಾವ ನಷ್ಟವೂ ಆಗಲಿಲ್ಲ.

ಹೊಸ ಆವೃತ್ತಿಯು ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. 'ಡೌನ್‌ಲೋಡ್ ಅಂಡ್ ಇನ್‌ಸ್ಟಾಲ್' ಎಂಬ ಗುಂಡಿಯನ್ನು ಒತ್ತುವವರೆಗೆ ಕಾಯುತ್ತದೆ. ಈಗಿರುವ ಆವೃತ್ತಿಯ ಅವಧಿ ಮುಗಿಯುತ್ತ ಬಂದಾಗ ಮಾತ್ರ ತಾನೇ ಬರುತ್ತದೆ. ಒಂದೆರಡು ತಿಂಗಳು ಬಿಟ್ಟು, ಬಿಡುವಿನ ದಿನ ನೋಡಿ ಹಾಕಿಕೊಳ್ಳಿರಿ. ಸರಿ ಬರದಿದ್ದರೆ ಹತ್ತು ದಿನಗಳೊಳಗೆ ಹಳೆಯದಕ್ಕೆ ಹಿಂದಿರುಗುವ ಸೌಕರ್ಯವಿದೆ. ಆದುದರಿಂದ ಮೊದಲ ದಿನವೇ ಪ್ರಿಂಟರು, ಕನ್ನಡ ಬೆರಳಚ್ಚು, ಲೆಕ್ಕದ ತಂತ್ರಾಂಶ ಇವನ್ನು ಪರೀಕ್ಷಿಸಿಕೊಳ್ಳಬೇಕು.

ಹಳೆಯ ಕಂಪ್ಯೂಟರು

ವಿಂಡೋಸ್ 10ಕ್ಕೆ ಸಾಮಾನ್ಯ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಖಾಸಗಿ ಕಂಪ್ಯೂಟರುಗಳಿಗೆ ರಕ್ಷಣೆಯ ಅಪ್‌ಡೇಟನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಕಂಪನಿಯು 2025ರಲ್ಲಿ ಪ್ರಕಟಿಸಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಮತ್ತು ಒಪ್ಪಿಗೆಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇವಿಲ್ಲದ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆ ಉಚಿತವಾಗಿ ಸಿಗುತ್ತದೆ, ತಿಳಿದವರಿಂದ ಹಾಕಿಸಬಹುದು. ಆದರೆ ರಕ್ಷಣೆಯ ಅಪ್‌ಡೇಟು ನಿಂತ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಮಾಡಕೂಡದು.

ಲಕ್ಷ್ಯದಲ್ಲಿಡಬೇಕಾದ ಮಾತುಗಳು

1. ಯಾವ ಅಪ್‌ಡೇಟಿಗೂ ಮೊದಲು ಮುಖ್ಯ ಕಡತಗಳ ನಕಲನ್ನು ಪೆನ್ ಡ್ರೈವಿನಲ್ಲಿ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಇಡಿರಿ. ಬಿತ್ತುವ ಜೋಳವನ್ನು ಉಣ್ಣುವ ಜೋಳದಲ್ಲಿ ಕೂಡಿಸಿಡುವುದಿಲ್ಲವಷ್ಟೆ.

2. ಬೆಳೆ ವಿಮೆಯ ಕೊನೆಯ ದಿನ, ಮಕ್ಕಳ ಪರೀಕ್ಷೆಯ ದಿನ ಅಪ್‌ಡೇಟ್ ಬೇಡ. ಸೆಟ್ಟಿಂಗ್ಸಿನ 'ವಿಂಡೋಸ್ ಅಪ್‌ಡೇಟ್' ಪುಟದಲ್ಲಿ ಕೆಲವು ದಿನ ತಡೆಹಿಡಿಯಬಹುದು. ಕೆಲಸ ಮುಗಿದೊಡನೆ ತಡೆಯನ್ನು ತೆಗೆಯಿರಿ. ಅದು ರಕ್ಷಣೆಯ ಅಪ್‌ಡೇಟನ್ನೂ ನಿಲ್ಲಿಸಿರುತ್ತದೆ.

3. ಕರೆಂಟು ನಿಶ್ಚಿತವಾಗಿರುವ ಹೊತ್ತು ನೋಡಿ ಮಾಡಿರಿ. ಲ್ಯಾಪ್‌ಟಾಪು ಇದ್ದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಕೂಡಿರಲಿ. ನಡುವೆ ಬಂದ್ ಮಾಡಬಾರದು.

4. ಮೊಬೈಲಿನ ನೆಟ್ಟಿನಿಂದ ನಡೆಸುವವರು ಆ ಸಂಪರ್ಕಕ್ಕೆ 'ಮೀಟರ್ಡ್' ಎಂದು ಗುರುತು ಹಾಕಿದರೆ ಡೇಟಾ ಉಳಿಯುತ್ತದೆ. ಆದರೆ ತಿಂಗಳಿಗೊಮ್ಮೆ ತಾವಾಗಿಯೇ ಅಪ್‌ಡೇಟ್ ಮಾಡಬೇಕು.

5. ಇಂಟರ್ನೆಟ್ ನೋಡುವಾಗ "ಕೂಡಲೆ ಅಪ್‌ಡೇಟ್ ಮಾಡಿ, ಈ ನಂಬರಿಗೆ ಫೋನ್ ಮಾಡಿ" ಎಂದು ಬಂದರೆ ಅದು ಮೋಸ. ನಿಜವಾದ ಅಪ್‌ಡೇಟು ಸೆಟ್ಟಿಂಗ್ಸಿನಲ್ಲಿಯೇ ಸಿಗುತ್ತದೆ. ಅದಕ್ಕೆ ಯಾರಿಗೂ ಫೋನ್ ಮಾಡಬೇಕಾಗಿಲ್ಲ.

ಮನೆಯಲ್ಲಿ ಕಂಪ್ಯೂಟರು ಬಲ್ಲ ಮಗನಿಗೋ ಮಗಳಿಗೋ ಇದನ್ನು ಓದಿ ಹೇಳಿರಿ. ತಿಂಗಳ ಎರಡನೆಯ ವಾರ ಕಳೆದ ಮೇಲಿನ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು, ಅಂದು ಮೊದಲು ನಕಲು ತೆಗೆದು ಆಮೇಲೆ ಅಪ್‌ಡೇಟ್ ಮಾಡುವ ರೂಢಿ ಇಟ್ಟುಕೊಳ್ಳಿರಿ.